ಎರಡು ಶಕ್ತಿಯ ಬಂಡಿಯನ್ನು ಮರಳಿ ಕೊಳ್ಳುವವರಾರು

ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಮನೆ ಮಾಡಿಕೊಂಡು, ಒಂದಿಷ್ಟು ನೀರಾವರಿಯ ಭೂಮಿಯನ್ನೂ ಒಂದು ಕಾರನ್ನೂ ಹೊಂದಿರುವ ಗೃಹಸ್ಥನೊಬ್ಬನ ವರ್ಷಾವಧಿಯ ಪ್ರಯಾಣಗಳನ್ನೆಲ್ಲ ಒಂದೆಡೆ ಬರೆದಿಟ್ಟರೆ, ಅವು ತಾವಾಗಿಯೇ ಎರಡು ಪಂಕ್ತಿಗಳಾಗಿ ನಿಲ್ಲುತ್ತವೆ. ಮೊದಲನೆಯ ಪಂಕ್ತಿಯವು ನಿತ್ಯದ ಸಣ್ಣ ಓಡಾಟಗಳು: ಕಾಲುವೆಯ ಮಗ್ಗುಲಿನ ಗದ್ದೆಗೆ ಹೋಗಿಬರುವುದು, ಬೀಜ ಗೊಬ್ಬರಗಳಿಗಾಗಿಯೋ ಕಚೇರಿಯ ಕೆಲಸಕ್ಕಾಗಿಯೋ ಹುಣಸಗಿಗೆ ಹೋಗುವುದು, ನಾರಾಯಣಪುರದ ಕಡೆಗೊಮ್ಮೆ ತಿರುಗುವುದು. ಎರಡನೆಯ ಪಂಕ್ತಿಯವು ಅಪರೂಪದವು, ಆದರೆ ತಪ್ಪಿಸಲಾಗದವು: ಮನೆಯಲ್ಲಿ ಯಾರಿಗಾದರೂ ದೇಹಸ್ಥಿತಿ ಕೆಟ್ಟಾಗ ಕಲಬುರಗಿಯ ಆಸ್ಪತ್ರೆ, ನೆಂಟರ ಮದುವೆಗೆ ರಾಯಚೂರು ವಿಜಯಪುರಗಳು, ದುಡಿಮೆಯನ್ನರಸಿ ಬೆಂಗಳೂರು ಸೇರಿದ ಮಗನ ಮನೆ. ದಿನದ ದೂರ ಕಿರಿದು; ವರ್ಷದ ಕೆಲವೇ ದಿನಗಳ ದೂರ ಬಹು ಹಿರಿದು. ವಾಹನವನ್ನು ಕೊಳ್ಳುವಾಗಲಾದರೋ ಮನುಷ್ಯನು ಮುನ್ನೂರು ದಿನಗಳ ಅಗತ್ಯವನ್ನು ಬದಿಗಿರಿಸಿ, ಆ ಕೆಲವು ದಿನಗಳ ಭಯಕ್ಕಾಗಿಯೇ ಹಣ ಸುರಿಯುತ್ತಾನೆ.

ಈ ಎರಡು ಪಂಕ್ತಿಗಳನ್ನು ಒಂದೇ ಯಂತ್ರದಲ್ಲಿ ಸಮಾಧಾನಪಡಿಸಬೇಕೆಂಬ ಯೋಚನೆಯಿಂದ ಹುಟ್ಟಿದುದೇ ಪ್ಲಗ್-ಇನ್ ಹೈಬ್ರಿಡ್ ಎಂಬ ಕಾರು. ಅದರಲ್ಲಿ ಪೆಟ್ರೋಲ್ ಎಂಜಿನ್ನೂ ಉಂಟು, ವಿದ್ಯುತ್ ಮೋಟರೂ ಉಂಟು. ರಾತ್ರಿ ಮನೆಯ ಸಾಕೆಟ್ಟಿಗೆ ತಂತಿ ಸಿಕ್ಕಿಸಿ ಬ್ಯಾಟರಿಯನ್ನು ತುಂಬಿದರೆ ಮರುದಿನದ ಮೊದಲ ನಾಲ್ವತ್ತು ಐವತ್ತು ಕಿಲೋಮೀಟರನ್ನು ಹನಿ ಪೆಟ್ರೋಲು ಸುಡದೆ ಓಡುತ್ತದೆ, ಅದು ತೀರಿದ ಮೇಲೆ ಎಂಜಿನ್ನು ಭಾರವನ್ನು ವಹಿಸಿಕೊಂಡು ದೂರದ ಊರಿಗೆ ಮುಟ್ಟಿಸುತ್ತದೆ. ಚೀನದ ಬಿವೈಡಿ ಸಂಸ್ಥೆಯು 2008ರ ಡಿಸೆಂಬರಿನಲ್ಲಿ ಎಫ್3ಡಿಎಂ ಎಂಬ ಇಂತಹ ಕಾರನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ಜನರಲ್ ಮೋಟರ್ಸ್, ತನ್ನ ದೇಶದ ಬಹುಪಾಲು ಜನ ದಿನಕ್ಕೆ 40 ಮೈಲಿಗಿಂತ ಕಡಮೆ ಓಡಾಡುತ್ತಾರೆಂಬುದನ್ನು ಕಂಡು, 2010ರ ಡಿಸೆಂಬರಿನಲ್ಲಿ ಷೆವ್ರೊಲೆ ವೋಲ್ಟನ್ನು ಮಾರತೊಡಗಿತು. ಡೆಟ್ರಾಯಿಟ್ಟಿನಲ್ಲಿ ಕುಳಿತು ಮಾಡಿದ ಆ ಎಣಿಕೆ ಕೊಡೇಕಲ್ಲಿನ ಗೃಹಸ್ಥನ ಎರಡು ಪಂಕ್ತಿಗಳಿಗೂ ಯಥಾವತ್ತಾಗಿ ಹೊಂದುತ್ತದೆ.

ಹೀಗೆ ಕಾಗದದ ಮೇಲೆ ಇಷ್ಟು ಸಮಂಜಸವಾಗಿ ಕಾಣುವ ವಾಹನವನ್ನು ಕೊಂಡವರು, ಕೆಲವು ವರ್ಷ ಓಡಿಸಿದ ಮೇಲೆ, ಮತ್ತೆ ಅದನ್ನೇ ಕೊಳ್ಳುವರೇ? ಮೊದಲ ಕೊಳ್ಳುವಿಕೆಯಲ್ಲಿ ಆಸೆ, ಕುತೂಹಲ, ಮಾರುವವನ ಮಾತು, ನೆರೆಮನೆಯ ಹೊಸ ಕಾರು ಇವೆಲ್ಲವೂ ಬೆರೆತಿರುತ್ತವೆಯಾದ್ದರಿಂದ ಮಾರಾಟದ ಸಂಖ್ಯೆಗಿಂತ ಈ ಪ್ರಶ್ನೆಯ ಉತ್ತರವೇ ಹೆಚ್ಚು ನಂಬಲರ್ಹವೆಂದು ನಾನು ತಿಳಿದಿದ್ದೇನೆ. ವಿಸ್ಮಯವೇನೆಂದರೆ ಈ ಪ್ರಶ್ನೆಗೆ ಪರಸ್ಪರ ವಿರುದ್ಧವಾದ ಎರಡು ಉತ್ತರಗಳು ಬಂದಿವೆ, ಎರಡೂ ಪ್ರಾಮಾಣಿಕವಾದವು.

ಮೊದಲನೆಯದು ಅತ್ಯುತ್ಸಾಹದ ಉತ್ತರ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯು 2011ರಲ್ಲಿ ಕಾರಿನ ಒಡೆಯರನ್ನು ಇದೇ ಪ್ರಶ್ನೆ ಕೇಳಿದಾಗ, ವೋಲ್ಟಿನ ಒಡೆಯರಲ್ಲಿ ಶೇಕಡ 93ರಷ್ಟು ಜನ ಖಂಡಿತವಾಗಿಯೂ ಮತ್ತೆ ಅದನ್ನೇ ಕೊಳ್ಳುವುದಾಗಿ ಹೇಳಿದರು. ಆ ವರ್ಷ ಪತ್ರಿಕೆಯ ತೃಪ್ತಿಯ ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ನಿಂತ ಕಾರು ಬೇರೊಂದಿರಲಿಲ್ಲ, ಮರುವರ್ಷವೂ ಅಗ್ರಸ್ಥಾನ ಅದರದೇ ಆಯಿತು. ಎರಡನೆಯದು ನಿರುತ್ಸಾಹದ ಉತ್ತರ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಸಂಶೋಧಕರು, 2012ರಿಂದ 2018ರವರೆಗೆ ವಿದ್ಯುತ್ ವಾಹನಗಳನ್ನು ಕೊಂಡ ಕುಟುಂಬಗಳನ್ನು ವಿಚಾರಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ಲಗ್-ಇನ್ ಹೈಬ್ರಿಡ್ ಕೊಂಡವರಲ್ಲಿ ಐವರಿಗೊಬ್ಬರು ಮರಳಿ ಪೆಟ್ರೋಲಿನ ದಾರಿಯನ್ನೇ ಹಿಡಿದಿದ್ದರು. ಬರಿಯ ಬ್ಯಾಟರಿಯ ಕಾರುಗಳನ್ನು ಬಿಟ್ಟವರ ಪ್ರಮಾಣ ಶೇಕಡ 18. ದೂರದ ಪ್ರಯಾಣದ ಭಯವನ್ನು ನಿವಾರಿಸುವುದಕ್ಕೆಂದೇ ಎಂಜಿನ್ನನ್ನೂ ಇರಿಸಿಕೊಂಡ ಕಾರು, ಆ ಭಯಕ್ಕೆ ಪೂರ್ತಿಯಾಗಿ ಒಡ್ಡಿಕೊಂಡ ಕಾರಿಗಿಂತ ಹೆಚ್ಚಾಗಿ ಒಡೆಯರ ಮನಸ್ಸನ್ನು ಹಿಡಿದಿಡಲಿಲ್ಲವೆಂದರೆ, ಕಾರಣವನ್ನು ದೂರದಲ್ಲಿ ಹುಡುಕದೆ ಮನೆಯಲ್ಲಿಯೇ ಹುಡುಕಬೇಕಾಗುತ್ತದೆ.

ಆ ಅಧ್ಯಯನವು ಎತ್ತಿ ತೋರಿಸಿದ ಕಾರಣಗಳಲ್ಲಿ ಮುಖ್ಯವಾದವು ಎರಡು: ಚಾರ್ಜು ಮಾಡುವುದು ತೊಡಕೆನಿಸಿದುದು, ಮತ್ತು ಮನೆಯಲ್ಲಿ 240 ವೋಲ್ಟಿನ ಚಾರ್ಜಿಂಗ್ ಸೌಕರ್ಯ ಇಲ್ಲದಿದ್ದುದು. ಅಮೆರಿಕದ ಮನೆಗಳ ಸಾಮಾನ್ಯ ಸಾಕೆಟ್ಟು 120 ವೋಲ್ಟಿನದು. ಅದರಿಂದ ವೋಲ್ಟ್ ಕಾರಿನ ಬ್ಯಾಟರಿ ತುಂಬಲು ಹತ್ತು ತಾಸು ಹಿಡಿಯುತ್ತಿತ್ತು, 240 ವೋಲ್ಟಿನಿಂದ ನಾಲ್ಕೇ ತಾಸು. ಅದಕ್ಕಾಗಿ ಎಲೆಕ್ಟ್ರಿಷಿಯನ್ನನನ್ನು ಕರೆಸಿ ಪ್ರತ್ಯೇಕ ತಂತಿಯೆಳೆಸಿಕೊಂಡವನಿಗೆ ಕಾರು ಪ್ರತಿದಿನವೂ ಫಲ ಕೊಟ್ಟಿತು. ಎಳೆಸಿಕೊಳ್ಳದವನಿಗೆ ರಾತ್ರಿಯೆಲ್ಲ ತಂತಿಯಲ್ಲಿ ನಿಂತರೂ ತುಂಬದ ಬ್ಯಾಟರಿಯೊಂದು ಕಿರಿಕಿರಿಯಾಗಿ ಉಳಿಯಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಬರಿಯ ಬ್ಯಾಟರಿಯ ಕಾರನ್ನು ಚಾರ್ಜು ಮಾಡದೆ ವಿಧಿಯಿಲ್ಲ. ಮರೆಯುತ್ತಲೇ ಹೋದವನ ಕಾರು ಒಂದು ಬೆಳಗ್ಗೆ ಹೊರಡುವುದಿಲ್ಲ. ಪ್ಲಗ್-ಇನ್ ಹೈಬ್ರಿಡ್ಡಾದರೋ ಮರೆವನ್ನು ಮನ್ನಿಸುತ್ತದೆ. ತಂತಿ ಸಿಕ್ಕಿಸದಿದ್ದರೂ ಅದು ಹೊರಡುತ್ತದೆ, ಪೆಟ್ರೋಲು ಸುಡುತ್ತದೆ, ದಾರಿ ಸಾಗುತ್ತದೆ. ಒಂದು ರಾತ್ರಿಯ ಆಲಸ್ಯ ಎರಡು ರಾತ್ರಿಗೆ ಬೆಳೆದು, ತಿಂಗಳೊಪ್ಪತ್ತಿನಲ್ಲಿ ಅಭ್ಯಾಸವಾಗಿ, ಕಡೆಗೆ ಆ ಒಡೆಯನು ಕ್ವಿಂಟಲುಗಟ್ಟಲೆ ತೂಕದ ನಿರುಪಯುಕ್ತ ಬ್ಯಾಟರಿಯನ್ನು ಹೊತ್ತು ತಿರುಗುವ ದುಬಾರಿ ಪೆಟ್ರೋಲ್ ಕಾರಿನ ಒಡೆಯನಾಗುತ್ತಾನೆ. ಇದು ಊಹೆಯಲ್ಲ. ಇಂಗ್ಲೆಂಡಿನಲ್ಲಿ ಕಂಪೆನಿಗಳು ತಮ್ಮ ನೌಕರರಿಗೆ ಕೊಟ್ಟಿದ್ದ ಇಂತಹ ಕಾರುಗಳು ಹಿಂದಿರುಗಿ ಬಂದಾಗ ಚಾರ್ಜಿಂಗ್ ಕೇಬಲ್ಲುಗಳು ಸುತ್ತಿದ ಹಾಳೆಯನ್ನೂ ಬಿಚ್ಚದೆ ಹಾಗೆಯೇ ಇದ್ದುದು 2018ರಲ್ಲಿ ಸುದ್ದಿಯಾಯಿತು. ಯೂರೋಪಿನ ಕಾರುಗಳನ್ನು ಕುರಿತು ಸ್ವಚ್ಛ ಸಾರಿಗೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಸಿಸಿಟಿ 2022ರಲ್ಲಿ ಹೊರತಂದ ವರದಿಯಲ್ಲಿ, ಸ್ವಂತ ಹಣದಿಂದ ಕೊಂಡವರ ಕಾರುಗಳು ಒಟ್ಟು ದೂರದಲ್ಲಿ ಹೆಚ್ಚುಕಡಮೆ ಅರ್ಧವನ್ನು ವಿದ್ಯುತ್ತಿನಿಂದ ಓಡಿದರೆ, ಕಂಪೆನಿಯ ಕಾರುಗಳು ಓಡಿದುದು ಶೇಕಡ 11ರಿಂದ 15ರಷ್ಟು ಮಾತ್ರ. ಕಾರುಗಳೊಳಗಿನ ಮಾಪಕಗಳಿಂದಲೇ ಅಂಕಿಗಳನ್ನು ಪಡೆದು ಯೂರೋಪಿಯನ್ ಆಯೋಗವು 2024ರಲ್ಲಿ ಹೇಳಿದ ಮಾತು ಇನ್ನೂ ಕಠಿನವಾದುದು: ರಸ್ತೆಯ ಮೇಲೆ ಈ ವಾಹನಗಳು ಉಗುಳುವ ಇಂಗಾಲದ ಡೈಆಕ್ಸೈಡು, ಪ್ರಯೋಗಾಲಯದಲ್ಲಿ ತೋರಿಸಿದುದರ ಮೂರೂವರೆ ಪಟ್ಟು. ಪೆಟ್ರೋಲಿನ ಹಣವನ್ನು ಬೇರೆಯವರು ತೆರುವಲ್ಲಿ ತಂತಿಯನ್ನು ಮುಟ್ಟುವ ಕೈ ಇಲ್ಲವೆಂಬುದು ಸಹಜವೇ ಆಗಿದೆ.

ಕೊಡೇಕಲ್ಲು ಸೇರಿದ ಸುರಪುರ ಸೀಮೆಯ ರೈತನಿಗೆ ಈ ಎರಡು ಶಕ್ತಿಗಳ ಸಂಸಾರ ಅಪರಿಚಿತವೇನಲ್ಲ. ಬಾವಿಗೆ ವಿದ್ಯುತ್ ಮೋಟರು ಕೂಡಿಸಿದವನು, ಮೂರು ಫೇಸಿನ ಕರೆಂಟು ದಿನದ ಕೆಲವೇ ತಾಸು ಬರುವುದನ್ನು ಅರಿತು, ಡೀಸೆಲ್ ಎಂಜಿನ್ನನ್ನು ಮಾರದೆ ಬದಿಗೆ ಇಟ್ಟುಕೊಳ್ಳುತ್ತಾನೆ. ಎಂಜಿನ್ನು ಅವನಿಗೆ ಧೈರ್ಯ. ಆದರೆ ಅದಕ್ಕೂ ಆಯಿಲು ಬೇಕು, ಆಗಾಗ ತಿರುಗಿಸಿ ನೋಡಬೇಕು, ಇಲ್ಲವಾದರೆ ಬೇಕಾದ ದಿನ ಅದು ಏಳುವುದಿಲ್ಲ. ಕಾರಿನಲ್ಲಿಯೂ ಹಾಗೆಯೇ. ವೋಲ್ಟನ್ನು ನಿರ್ಮಿಸಿದವರು ಇದನ್ನು ಬಲ್ಲವರಾಗಿದ್ದರು. ಬಹುಕಾಲ ವಿದ್ಯುತ್ತಿನಿಂದಲೇ ಓಡಿಸುವವನ ಕಾರಿನಲ್ಲಿಯೂ ಎಂಜಿನ್ನು ಆಗೊಮ್ಮೆ ಈಗೊಮ್ಮೆ ತಾನಾಗಿ ಹೊತ್ತಿಕೊಂಡು ತನ್ನ ಅಂಗಾಂಗಗಳಿಗೆ ಎಣ್ಣೆ ಹರಿಸಿಕೊಳ್ಳುವಂತೆಯೂ, ಟ್ಯಾಂಕಿನ ಪೆಟ್ರೋಲು ವರ್ಷವಿಡೀ ಮುಗಿಯದೆ ಹಳತಾದರೆ ಅದನ್ನು ಸುಟ್ಟು ತೀರಿಸುವಂತೆಯೂ ಏರ್ಪಡಿಸಿದ್ದರು. ಎರಡು ಯಂತ್ರಗಳನ್ನು ಸಾಕುವವನು ಎರಡರ ಆರೈಕೆಯನ್ನೂ ಮಾಡಬೇಕಾದ ಈ ಹೊರೆಯು, ವಿದ್ಯುತ್ತನ್ನು ಪೂರ್ಣವಾಗಿ ಬಳಸುವವನಿಗೆ ಹಗುರವಾಗಿಯೂ ಬಳಸದವನಿಗೆ ಬಲು ಭಾರವಾಗಿಯೂ ತೋರುವುದು.

ವೋಲ್ಟಿನ ಬ್ಯಾಟರಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಬಿಸಿಲುನಾಡಿನವರು ಅದನ್ನು ತಿಳಿದಿರಬೇಕು. ಮೊದಲ ವೋಲ್ಟಿನ ಬ್ಯಾಟರಿ 16 ಯೂನಿಟ್ಟಿನದು. ಆದರೆ ಕಾರು ಅದರಲ್ಲಿ ಹತ್ತು ಯೂನಿಟ್ಟಿಗೆ ತುಸು ಹೆಚ್ಚನ್ನು ಮಾತ್ರ ಬಳಸುತ್ತಿತ್ತು. ಪೂರ್ತಿ ತುಂಬಿಸುವುದೂ ಪೂರ್ತಿ ಬರಿದು ಮಾಡುವುದೂ ಲಿಥಿಯಂ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತವೆಯಾದ್ದರಿಂದ ಮೇಲೂ ಕೆಳಗೂ ಜಾಗ ಬಿಡಲಾಗಿತ್ತು, ಜೊತೆಗೆ ದ್ರವದಿಂದ ತಂಪು ಮಾಡುವ ವ್ಯವಸ್ಥೆಯೂ ಇತ್ತು. ಇಂತಹ ತಂಪಿನ ವ್ಯವಸ್ಥೆಯಿಲ್ಲದ ನಿಸ್ಸಾನ್ ಲೀಫ್ ಎಂಬ ವಿದ್ಯುತ್ ಕಾರನ್ನು ಅರಿಜೋನದ ಫೀನಿಕ್ಸಿನಂತಹ ಮರುಭೂಮಿಯ ನಗರದಲ್ಲಿ ಕೊಂಡವರು, ಬ್ಯಾಟರಿಯ ಶಕ್ತಿ ಬಹುಬೇಗ ಕುಂದಿತೆಂದು 2012ರಲ್ಲಿ ದೂರಿದರು. ಏಪ್ರಿಲ್ ಮೇ ತಿಂಗಳುಗಳಲ್ಲಿ ಯಾದಗಿರಿ ಜಿಲ್ಲೆಯ ನೆಲ ಕಾಯುವ ಬಗೆಯನ್ನು ಬಲ್ಲವರು ಕಾರಿನ ಬಣ್ಣವನ್ನು ವಿಚಾರಿಸುವುದಕ್ಕೆ ಮೊದಲು ಅದರ ಬ್ಯಾಟರಿಯನ್ನು ತಂಪಾಗಿಡುವ ಉಪಾಯವೇನೆಂಬುದನ್ನು ವಿಚಾರಿಸತಕ್ಕದ್ದು.

ನೂರರಲ್ಲಿ 93 ಮಂದಿ ಮರಳಿ ಕೊಳ್ಳುವೆವೆಂದ ಆ ಕಾರು ಇಂದು ಕೊಳ್ಳಸಿಗುವುದಿಲ್ಲ. 2019ರ ಫೆಬ್ರವರಿಯಲ್ಲಿ ಅದರ ತಯಾರಿಕೆ ನಿಂತಿತು. ಒಡೆಯರು ಮೆಚ್ಚಿದರು, ಆದರೆ ಮೆಚ್ಚುವುದಕ್ಕೆ ಮೊದಲು ಕೊಳ್ಳಬೇಕಾದ ಹೊಸಬರು ಸಾಕಷ್ಟು ಬರಲಿಲ್ಲ. ಒಂದು ದೇಹದಲ್ಲಿ ಎರಡು ಯಂತ್ರಗಳನ್ನು ಕೂಡಿಸುವ ವೆಚ್ಚವೂ ಇಳಿಯಲಿಲ್ಲ. ಒಳ್ಳೆಯ ವಸ್ತುವೊಂದು ಅದನ್ನು ಪ್ರೀತಿಸಿದವರ ಕಣ್ಣೆದುರಿಗೇ ಮಾರುಕಟ್ಟೆಯಿಂದ ಮರೆಯಾದ ಇಂತಹ ಪ್ರಸಂಗ ನನಗೆ ನಿಜವಾದ ವ್ಯಸನವನ್ನುಂಟುಮಾಡುತ್ತದೆ.

ಕರ್ಣಾಟಕಕ್ಕೂ ಈ ಕಥೆಯಲ್ಲಿ ಪಾಲುಂಟು, ಅದೂ ವೋಲ್ಟಿಗಿಂತ ಮೊದಲಿನದು. ಚೇತನ್ ಮೈನಿಯವರ ರೇವ ಸಂಸ್ಥೆಯು ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಿಸಿದ ಪುಟ್ಟ ವಿದ್ಯುತ್ ಕಾರು 2001ರಲ್ಲಿಯೇ ನಗರದ ಬೀದಿಗಿಳಿಯಿತು. ಸೀಸ ಮತ್ತು ಆಮ್ಲದ ಬ್ಯಾಟರಿ, ಮನೆಯ 15 ಆಂಪಿಯರಿನ ಸಾಕೆಟ್ಟು, ಒಮ್ಮೆ ತುಂಬಿಸಿದರೆ 80 ಕಿಲೋಮೀಟರ್ ಎಂಬ ಭರವಸೆ. ಇಷ್ಟೇ ಅದರ ಬಂಡವಾಳ. 2010ರಲ್ಲಿ ಮಹೀಂದ್ರ ಸಂಸ್ಥೆಯ ಕೈಸೇರಿ, 2013ರಲ್ಲಿ ಇ2ಒ ಎಂಬ ರೂಪದಲ್ಲಿ ಅದು ಮುಂದುವರಿಯಿತು. ರೇವಾವನ್ನು ಇರಿಸಿಕೊಂಡಿದ್ದ ಮನೆಯಲ್ಲಿ ದೂರದ ಊರಿಗೆ ಹೋಗಲು ಬೇರೊಂದು ಪೆಟ್ರೋಲ್ ಕಾರು ಬೇಕಾಗುತ್ತಿತ್ತು; ಎಂದರೆ ಅಂದಿನ ಒಡೆಯನು ಎರಡು ಕಾರುಗಳಲ್ಲಿ ಹಂಚಿಕೊಂಡಿದ್ದ ಕೆಲಸವನ್ನೇ ಪ್ಲಗ್-ಇನ್ ಹೈಬ್ರಿಡ್ ಒಂದು ಕಾರಿನೊಳಗೆ ಹೂಡಿತು. ರೇವಾವನ್ನು ಬಿಟ್ಟವರನ್ನು ಬಿಡಿಸಿದುದು ಕೆಲವೇ ವರ್ಷಗಳಲ್ಲಿ ಬದಲಿಸಬೇಕಾಗುತ್ತಿದ್ದ ಬ್ಯಾಟರಿಯ ವೆಚ್ಚ. ಸಾಕೆಟ್ಟಿನ ವಿಷಯದಲ್ಲಿ ಮಾತ್ರ ಅವರದು ಸುಖದ ಅನುಭವ, ಏಕೆಂದರೆ ಅಂದು ಅದನ್ನು ಕೊಂಡವರು ಸ್ವಂತ ಕಾರ್ ಷೆಡ್ಡಿದ್ದ ಮನೆಗಳವರು. ಇಂದಿನ ಬೆಂಗಳೂರಿನ ಬಹುಮಹಡಿಯ ವಸತಿಗಳಲ್ಲಿ ಕಾರು ನಿಲ್ಲುವ ನೆಲಮಾಳಿಗೆಗೂ ಮನೆಯ ಮೀಟರಿಗೂ ಬಹು ಅಂತರವಿದ್ದು, ತಂತಿಯೆಳೆಯಲು ನಿವಾಸಿಗಳ ಸಂಘದ ಅನುಮತಿ ಬೇಕಾಗಿರುವುದರಿಂದ, ಅಲ್ಲಿಯ ಪ್ಲಗ್-ಇನ್ ಹೈಬ್ರಿಡ್ಡು ಇಂಗ್ಲೆಂಡಿನ ಕಂಪೆನಿ ಕಾರಿನ ಗತಿಗೇ ಇಳಿಯುವ ಸಂಭವ ಹೆಚ್ಚು.

ನಮ್ಮ ದೇಶದಲ್ಲಿ ಇದುವರೆಗೆ ಮಾರಾಟವಾದ ಪ್ಲಗ್-ಇನ್ ಹೈಬ್ರಿಡ್‌ಗಳಾದರೂ ಬಹುಮಟ್ಟಿಗೆ ಕೋಟಿ ರೂಪಾಯಿಯ ಆಚೀಚಿನ ವಿಲಾಸದ ಕಾರುಗಳು. ವೋಲ್ವೊ ಸಂಸ್ಥೆಯು ಅಂತಹ ಕಾರನ್ನು ಬೆಂಗಳೂರಿನ ಬಳಿಯ ತನ್ನ ಕಾರ್ಖಾನೆಯಲ್ಲಿಯೇ ಜೋಡಿಸುವುದಾಗಿ 2018ರಲ್ಲಿ ಸಾರಿದ್ದುಂಟು. ಅನಂತರ ಆ ಸಂಸ್ಥೆ ಹೊಸಕೋಟೆಯಲ್ಲಿ ಪೂರ್ಣ ವಿದ್ಯುತ್ತಿನ ಕಾರನ್ನು ಜೋಡಿಸತೊಡಗಿತು. ಜನಸಾಮಾನ್ಯರ ಒಲವು ಹರಿದುದು ಬಿಡದಿಯ ಟೊಯೋಟ ಕಾರ್ಖಾನೆಯಿಂದ 2022ರಿಂದೀಚೆಗೆ ಬಂದ, ಪ್ಲಗ್ಗಿನ ಗೊಡವೆಯೇ ಇಲ್ಲದೆ ಓಡುತ್ತೋಡುತ್ತಲೇ ತನ್ನ ಸಣ್ಣ ಬ್ಯಾಟರಿಯನ್ನು ತುಂಬಿಕೊಳ್ಳುವ ಹೈಬ್ರಿಡ್‌ಗಳ ಕಡೆಗೆ. ರಾತ್ರಿಯ ಕರ್ತವ್ಯವೊಂದನ್ನು ಅವು ಒಡೆಯನಿಗೆ ವಿಧಿಸುವುದಿಲ್ಲವೆಂಬುದೇ ಅವುಗಳ ಆಕರ್ಷಣೆ. ಸರಕಾರದ ತೆರಿಗೆಯೂ ಎರಡು ಶಕ್ತಿಯ ಬಂಡಿಯ ವಿಷಯದಲ್ಲಿ ಉದಾರವಾಗಿಲ್ಲ: ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇಕಡ 5 ಆದರೆ, ದೊಡ್ಡ ಹೈಬ್ರಿಡ್ಡಿಗೆ 2025ರ ಸೆಪ್ಟೆಂಬರಿನ ಬದಲಾವಣೆಯ ಬಳಿಕವೂ ಶೇಕಡ 40. ಚಾರ್ಜು ಮಾಡದವರ ಅನುಭವವನ್ನು ಯೂರೋಪಿನಲ್ಲಿ ಕಂಡ ಮೇಲೆ, ಕೊಳ್ಳುವಾಗಲೇ ರಿಯಾಯಿತಿ ಕೊಟ್ಟುಬಿಡುವುದು ಜಾಣತನವಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ನಿಜವಾಗಿ ವಿದ್ಯುತ್ತಿನಿಂದ ಓಡಿದ ದೂರವನ್ನು ಕಾರೇ ದಾಖಲಿಸುತ್ತಿರುವಾಗ, ಆ ದೂರಕ್ಕೆ ತಕ್ಕಂತೆ ರಿಯಾಯಿತಿಯನ್ನು ಅನಂತರ ಕೊಡುವುದು ಅಸಾಧ್ಯವೇನಲ್ಲ.

ಇನ್ನು ಕೊಡೇಕಲ್ಲಿಗೆ ಬರೋಣ. ಕಾಲಜ್ಞಾನದ ವಚನಗಳ ಕೊಡೇಕಲ್ಲ ಬಸವಣ್ಣನ ನೆಲೆಯೆಂದು ನಾಡಿಗೆ ಪರಿಚಿತವಾದ ಈ ಊರು, ಪುರಾತತ್ತ್ವಜ್ಞರಿಗೆ ತನ್ನ ಬೂದಿದಿಬ್ಬದಿಂದ ಪರಿಚಿತ. ಕೆ. ಪದ್ದಯ್ಯನವರು 1960ರ ದಶಕದಲ್ಲಿ ಅಗೆದು ಪರಿಶೀಲಿಸಿದ ಆ ದಿಬ್ಬ, ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ನವಶಿಲಾಯುಗದ ಜನ ದನದ ದೊಡ್ಡಿಯ ಸಗಣಿಯನ್ನು ಕೂಡಿಹಾಕಿ ಸುಟ್ಟುದರ ಶೇಷ. ತಮ್ಮನ್ನು ಹೊರುವ, ತಮಗಾಗಿ ಎಳೆಯುವ ಜೀವಕ್ಕೆ ಮನೆಯ ಮಗ್ಗುಲಲ್ಲಿಯೇ ಜಾಗ ಬಿಡುವ ರೂಢಿ ಈ ನೆಲದಲ್ಲಿ ಇಂದಿನದಲ್ಲ. ಎತ್ತುಗಳು ವಿರಳವಾದರೂ ಅಂಗಳ ಉಳಿದಿದೆ. ಟ್ರ್ಯಾಕ್ಟರೋ ಬೊಲೆರೊ ವಾಹನವೋ ಅಲ್ಲಿ ನಿಲ್ಲುತ್ತದೆ, ಗೋಡೆಯ ಆಚೆಬದಿಗೇ ಮನೆಯ ಮೀಟರು. ಬೆಂಗಳೂರಿನ ಬಹುಮಹಡಿಯವನಿಗೆ ಹಣ ಕೊಟ್ಟರೂ ದೊರೆಯದ ಈ ಸೌಕರ್ಯ ಕೊಡೇಕಲ್ಲಿನವನಿಗೆ ಹುಟ್ಟಿನಿಂದಲೇ ಉಂಟು. ಕ್ಯಾಲಿಫೋರ್ನಿಯದವನನ್ನು ಕಾಡಿದ ವೋಲ್ಟೇಜಿನ ತೊಡಕೂ ಇವನಿಗಿಲ್ಲ. ನಮ್ಮ ಮನೆಗಳಿಗೆ ಬರುವುದೇ 230 ವೋಲ್ಟು. ಫ್ರಿಜ್ಜಿಗೂ ಗೀಜರಿಗೂ ಹಾಕಿಸಿದ 16 ಆಂಪಿಯರಿನ ಸಾಧಾರಣ ಸಾಕೆಟ್ಟು ತಾಸಿಗೆ ಮೂರು ಯೂನಿಟ್ಟನ್ನು ಧಾರಾಳವಾಗಿ ಕೊಡಬಲ್ಲದು. ಹದಿಮೂರು ಹದಿನಾಲ್ಕು ಯೂನಿಟ್ಟಿನ ಬ್ಯಾಟರಿ ರಾತ್ರಿ ಊಟ ಮುಗಿಸಿ ಮಲಗಿ ಏಳುವುದರೊಳಗೆ ತುಂಬಿರುತ್ತದೆ.

ಲೆಕ್ಕವೂ ಅನುಕೂಲವಾಗಿಯೇ ಇದೆ. ಒಂದು ಯೂನಿಟ್ಟಿಗೆ ಐದಾರು ಕಿಲೋಮೀಟರ್ ಓಡುವ ಕಾರಿಗೆ, ಯೂನಿಟ್ಟಿನ ದರ ಆರು ರೂಪಾಯಿಯ ಸಮೀಪವಿರುವಾಗ, ಕಿಲೋಮೀಟರಿಗೆ ತಗಲುವುದು ಒಂದು ರೂಪಾಯಿಯಷ್ಟು. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ, ಇಪ್ಪತ್ತು ಕಿಲೋಮೀಟರ್ ಕೊಡುವ ಕಾರಿಗೂ ಐದು ರೂಪಾಯಿಗೆ ಕಡಮೆಯಾಗದು. ಆದರೆ ಇಲ್ಲಿಯೇ, ಬೇರೆಲ್ಲಿಯ ಅಧ್ಯಯನವೂ ಹೇಳದ ಒಂದು ಸೂಕ್ಷ್ಮವಿದೆ. ಗೃಹಜ್ಯೋತಿ ಯೋಜನೆಯು 2023ರಲ್ಲಿ ಬಂದ ಬಳಿಕ, ತಿಂಗಳಿಗೆ 200 ಯೂನಿಟ್ಟಿನೊಳಗೆ ತನಗೆ ಗೊತ್ತುಪಡಿಸಿದ ಮಿತಿಯಲ್ಲಿ ಬಳಸುವ ಮನೆ ಬಿಲ್ಲನ್ನೇ ಕಟ್ಟಬೇಕಾಗಿಲ್ಲ. 200ನ್ನು ಮೀರಿದರೆ ಪೂರ್ತಿ ಬಿಲ್ಲನ್ನು ತೆರಬೇಕು. ದಿನಕ್ಕೆ ಹತ್ತು ಯೂನಿಟ್ಟನ್ನು ಕಾರಿಗೆ ಕೊಟ್ಟವನ ಬಳಕೆ ಕಾರೊಂದರಿಂದಲೇ ತಿಂಗಳಿಗೆ 300 ಯೂನಿಟ್ಟಾಗುತ್ತದೆ. ಸೊನ್ನೆಯ ಬಿಲ್ಲನ್ನು ಕಂಡು ರೂಢಿಯಾದ ಮನೆಯಲ್ಲಿ ಮೊದಲ ತಿಂಗಳ ಎರಡು ಸಾವಿರದ ಬಿಲ್ಲು ಬಂದಾಗ, ಪೆಟ್ರೋಲಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಉಳಿದಿರುವುದು ಕಣ್ಣಿಗೆ ಬೀಳದೆ, ತಂತಿಯನ್ನು ಸುತ್ತಿಡುವ ಬುದ್ಧಿ ಹುಟ್ಟುವುದು ಬಲು ಸುಲಭ. ಮನೆಯ ಬಿಲ್ಲು ಸೊನ್ನೆಯಾಗಿಯೇ ಉಳಿದು, ಕಾರಿನದು ಬೇರೆಯಾಗಿ ಕಾಣುವಂತೆ, ವಾಹನಕ್ಕೆ ಪ್ರತ್ಯೇಕ ಮೀಟರನ್ನು ಹಳ್ಳಿಯ ಮನೆಗೂ ತೊಡಕಿಲ್ಲದೆ ಕೊಡುವ ಏರ್ಪಾಡು ಆಗಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುತ್ತೇನೆ. ಹಾಗೆಯೇ ಅರ್ಥಿಂಗಿನ ಮಾತು: ನೆಲಕ್ಕೆ ಸರಿಯಾದ ಅರ್ಥಿಂಗ್ ಇಲ್ಲದ ಸಾಕೆಟ್ಟಿನಿಂದ ಕಾರಿನ ಚಾರ್ಜರು ಕರೆಂಟನ್ನು ಸ್ವೀಕರಿಸದು. ಹಳೆಯ ಮನೆಯವನು ಕಾರಿಗೆ ಮುಂಗಡ ಕೊಡುವುದಕ್ಕೆ ಮೊದಲು ಅರ್ಥಿಂಗನ್ನು ಸರಿಪಡಿಸಿಕೊಳ್ಳುವುದು ಲೇಸು.

ದೂರದ ನಗರದ ಸರ್ವಿಸ್ ಸೆಂಟರಿಗೆ ಹೋಗಬೇಕಾದ ಕಷ್ಟವಂತೂ ಇದ್ದೇ ಇದೆ. ಬೊಲೆರೊ ಕೆಟ್ಟರೆ ಸಂತೆಯೂರಿನ ಮೆಕ್ಯಾನಿಕ್ಕು ಹಗಲಿನಲ್ಲಿಯೇ ಎಬ್ಬಿಸಿ ನಿಲ್ಲಿಸಬಲ್ಲ. ಆದರೆ ಈ ಕಾರಿನ ನೂರಾರು ವೋಲ್ಟಿನ ಬ್ಯಾಟರಿಯನ್ನು ತರಬೇತಿಯಿಲ್ಲದ ಕೈ ಮುಟ್ಟುವುದು ಪ್ರಾಣಾಪಾಯ. ತಾಲ್ಲೂಕಿನ ಐಟಿಐಗಳಲ್ಲಿ ಈ ವಿದ್ಯೆಯನ್ನು ಕಲಿಸಿದ ದಿನ ಈ ಕಷ್ಟವು ಅರ್ಧ ಕರಗೀತು.

ಒಂದು ವಿಚಾರ ಉಳಿಯಿತು, ಅದೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು. ಇಂತಹ ಕಾರುಗಳು ಅಗ್ಗವಾಗಿ ಬಂದರೂ ಅವನ್ನು ಹೊಸತಾಗಿ ಕೊಳ್ಳುವವರು ಮೊದಲಿಗೆ ಬೆಂಗಳೂರಿನವರೇ ಆಗುತ್ತಾರೆ. ನಮ್ಮ ಸೀಮೆಗೆ ಕಾರುಗಳು ಬರುವ ಮುಖ್ಯ ಮಾರ್ಗ ಸೆಕೆಂಡ್ ಹ್ಯಾಂಡ್ ವ್ಯಾಪಾರ, ರಾಜಧಾನಿಯ ನೋಂದಣಿಯ ಫಲಕ ಹೊತ್ತ ವಾಹನಗಳನ್ನು ಯಾದಗಿರಿ ಶಹಾಪುರಗಳ ರಸ್ತೆಗಳಲ್ಲಿ ಕಾಣದವರಾರು? ಎಂದ ಮೇಲೆ ಮತ್ತೆ ಕೊಳ್ಳಲೊಲ್ಲದ ನಗರದ ಒಡೆಯನ ಕಾರೇ ಒಂದು ದಿನ ಕೊಡೇಕಲ್ಲಿನ ಅಂಗಳಕ್ಕೆ ಬರುವುದು. ಅದರಲ್ಲಿ ಹೆದರಬೇಕಾದುದೇನೂ ಇಲ್ಲ. ತಂತಿಯೆಳೆಯಲು ಜಾಗವಿಲ್ಲದೆ ಬೇಸತ್ತು ಮಾರಿದವನ ಕಾರು, ಅಂಗಳವೂ ಸಾಕೆಟ್ಟೂ ಇರುವವನಿಗೆ ಅರ್ಧ ಬೆಲೆಗೆ ಸಿಕ್ಕ ಲಾಭವೇ ಆಗಬಹುದು. ಹೆಚ್ಚಾಗಿ ಬಳಸದೆ ಉಳಿದ ಬ್ಯಾಟರಿಯಲ್ಲಿ ಸತ್ವವೂ ಉಳಿದಿರಬಹುದು, ವರ್ಷಗಳು ಸಂದಂತೆ ಬಳಸದಿದ್ದರೂ ಅದು ಮುಪ್ಪಾಗುತ್ತದೆಂಬುದನ್ನು ಮರೆಯದಿದ್ದರೆ ಸಾಕು. ಆದಕಾರಣ ಕೊಳ್ಳುವವನು ಓಡಿದ ಒಟ್ಟು ಕಿಲೋಮೀಟರನ್ನು ಕೇಳಿ ತೃಪ್ತನಾಗದೆ, ವಿದ್ಯುತ್ತಿನಿಂದ ಎಷ್ಟು, ಪೆಟ್ರೋಲಿನಿಂದ ಎಷ್ಟು ಎಂದು ಕಾರಿನ ಪರದೆಯಲ್ಲಿಯೇ ತೋರಿಸಲು ಹೇಳಬೇಕು. ಬ್ಯಾಟರಿಗೆ ಸಾಮಾನ್ಯವಾಗಿ ಕೊಡುವ ಎಂಟು ವರ್ಷದ ವಾರಂಟಿಯಲ್ಲಿ ಉಳಿದಿರುವುದೆಷ್ಟು, ಅದು ಎರಡನೆಯ ಒಡೆಯನಿಗೆ ವರ್ಗವಾಗುವುದೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಮತ್ತು ಹಿಂದಿನ ಒಡೆಯನು ಸಿಕ್ಕರೆ, ಕಾರನ್ನು ಏಕೆ ಮಾರಿದಿರೆಂದು ಕೇಳುವುದರ ಜೊತೆಗೆ ರಾತ್ರಿ ಅದನ್ನು ಎಲ್ಲಿ ನಿಲ್ಲಿಸುತ್ತಿದ್ದಿರೆಂದೂ ಕೇಳಬೇಕು.